ಕತ್ತಿ ಶೇವಿಂಗ್‌ಗೆ ಚರ್ಮ ಒಗ್ಗುವ ತನಕ

ನಮ್ಮ ಸಲೂನಿಗೆ ಬರುವ ಹುಡುಗರಲ್ಲಿ ಕೆಲವರು ಈಗ ಕತ್ತಿ ತರಿಸಿಕೊಂಡು ಮನೆಯಲ್ಲೇ ಶೇವಿಂಗ್ ಕಲಿಯುತ್ತಿದ್ದಾರೆ. ಸ್ವಲ್ಪ ದಿನಕ್ಕೇ ಕುತ್ತಿಗೆ ಕೆಂಪಗೆ ಮಾಡಿಕೊಂಡು ಬರುತ್ತಾರೆ. "ಅಣ್ಣ, ನನ್ನ ಚರ್ಮಕ್ಕೆ ಇದು ಒಗ್ಗಲ್ವಾ?" ಅಂತ ಕೇಳುತ್ತಾರೆ. ಒಗ್ಗುತ್ತೆ. ಆದರೆ ಉರಿಯುತ್ತಿರುವ ಜಾಗವನ್ನೇ ದಿನಾ ಕೆರೆದರೆ ಒಗ್ಗುವುದಿಲ್ಲ.

ಕತ್ತಿ ಬರೀ ಕೂದಲು ತೆಗೆಯುವುದಿಲ್ಲ, ಚರ್ಮದ ಮೇಲಿನ ಸತ್ತ ಪದರವನ್ನೂ ತೆಳ್ಳಗೆ ಎತ್ತುತ್ತದೆ. ಮೇಲುಚರ್ಮ ಪೂರ್ತಿ ಹೊಸದಾಗಲು ಸುಮಾರು 4 ವಾರ ಬೇಕು. ಅದಕ್ಕೇ ಮೊದಲ ತಿಂಗಳು ಒಂದು ಶೇವಿಂಗಿಗೂ ಇನ್ನೊಂದಕ್ಕೂ ನಡುವೆ ಎರಡು ದಿನವಾದರೂ ಬಿಡಿ ಎನ್ನುತ್ತೇನೆ. ಅಂಗಡಿಗೆ ಕೆಲಸ ಕಲಿಯಲು ಬರುವವರು ಮೊದಲು ಬಲೂನಿಗೆ ನೊರೆ ಹಚ್ಚಿ ಕೆರೆಯುತ್ತಾರೆ, ಆಮೇಲೆ ಕೆನ್ನೆ. ಗದ್ದ, ಕುತ್ತಿಗೆ ಎಲ್ಲ ಕೊನೆಗೆ. ಮನೆಯಲ್ಲಿ ಕಲಿಯುವವರೂ ಹಾಗೇ ಮಾಡಬೇಕು.

ಉರಿ ಎಲ್ಲಿದೆ ಅಂತ ನೋಡಿದರೆ ಅರ್ಧ ಕಾರಣ ಗೊತ್ತಾಗುತ್ತದೆ. ಮುಖವೆಲ್ಲಾ ಉರಿದರೆ ಕೈ ಭಾರ ಜಾಸ್ತಿ, ಇಲ್ಲವೇ ಕತ್ತಿ ತೀರಾ ನೆಟ್ಟಗೆ ನಿಂತಿದೆ. ಚರ್ಮಕ್ಕೂ ಕತ್ತಿಗೂ ಸುಮಾರು 30 ಡಿಗ್ರಿ ಓರೆ ಸಾಕು. ಇನ್ನೊಂದು ಕೈಯಲ್ಲಿ ಚರ್ಮ ಬಿಗಿಯಾಗಿ ಎಳೆದು ಹಿಡಿದರೆ ಒತ್ತುವ ಅಗತ್ಯವೇ ಬೀಳುವುದಿಲ್ಲ. ಕುತ್ತಿಗೆಯಲ್ಲಿ ಮಾತ್ರ ಗುಳ್ಳೆ ಎದ್ದರೆ ಕೂದಲಿನ ದಿಕ್ಕು ತಪ್ಪಿದೆ ಅಂತಲೇ ಲೆಕ್ಕ. ಅಲ್ಲಿ ಕೆಲವರಿಗೆ ಕೂದಲು ಅಡ್ಡಕ್ಕೆ ಬೆಳೆಯುತ್ತದೆ, ಕೆಲವರಿಗೆ ಕೆಳಗಿನಿಂದ ಮೇಲಕ್ಕೆ. ಎರಡು ದಿನದ ಗಡ್ಡವನ್ನು ಬೆರಳಲ್ಲಿ ಸವರಿ ನೋಡಿ. ಯಾವ ಕಡೆಗೆ ನುಣ್ಣಗೆ ಹೋಗುತ್ತೋ ಆ ಕಡೆಗೇ ಕತ್ತಿ ಹೋಗಬೇಕು. ಎದುರು ಹೊಡೆದರೆ ಕೂದಲು ತೀರಾ ಬುಡಕ್ಕೆ ಕತ್ತರಿಸಿ ಹೋಗಿ, ಮತ್ತೆ ಬೆಳೆಯುವಾಗ ಒಳಗೇ ಬಾಗಿ ಚರ್ಮ ಚುಚ್ಚುತ್ತದೆ. ಗುಂಗುರು ಕೂದಲಿನವರಿಗೆ ಈ ಕಾಟ ಇನ್ನೂ ಜಾಸ್ತಿ. ಕಲಿಯುವ ದಿನಗಳಲ್ಲಿ ನುಣುಪಿನ ಆಸೆ ಬಿಡಲೇಬೇಕು, ಸ್ವಲ್ಪ ಒರಟು ಉಳಿದರೆ ಉಳಿಯಲಿ.

ಎಚ್‌ಐವಿ, ಹೆಪಟೈಟಿಸ್ ಭಯ ಬಂದ ಮೇಲೆ ಅಂಗಡಿಗಳಲ್ಲಿ ಅರ್ಧ ಬ್ಲೇಡ್ ಹಾಕುವ ಕತ್ತಿಯೇ ಹೆಚ್ಚು. ಒಬ್ಬೊಬ್ಬರಿಗೂ ಹೊಸ ಬ್ಲೇಡ್ ಹಾಕಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಆ ಬ್ಲೇಡ್ ಬಹಳ ಹರಿತ, ಕೈ ಚೂರು ವಾಲಿದರೂ ಗಾಯ. ಚರ್ಮದ ಪಟ್ಟಿಯಲ್ಲಿ ಮಸೆಯುವ ಹಳೇ ಕತ್ತಿ ಅಷ್ಟು ಬೇಗ ಕಚ್ಚುವುದಿಲ್ಲ, ಆದರೆ ಮೊಂಡಾದರೆ ಕೂದಲು ಜಗ್ಗಿ ಉರಿ ಬರುತ್ತದೆ. ಪ್ರತಿ ಸಲ ಶೇವಿಂಗಿಗೆ ಮುಂಚೆ ಪಟ್ಟಿಗೆ ಎಳೆಯುವುದು ಬಿಡಬೇಡಿ.

ನೊರೆಗೆ ಮುಂಚೆ ಎರಡು ಮೂರು ನಿಮಿಷ ಬಿಸಿನೀರಿನ ಬಟ್ಟೆ ಇಡಿ, ಕೂದಲು ಮೆತ್ತಗಾಗುತ್ತದೆ. ಮುಗಿದ ಮೇಲೆ ತಣ್ಣೀರು, ಆಮೇಲೆ ಒದ್ದೆ ಮಾಡಿದ ಪಟಿಕದ ಕಲ್ಲು. ಅದು ಎಲ್ಲಿ ಚುರ್ ಅನ್ನುತ್ತೋ ಅಲ್ಲಿ ಜಾಸ್ತಿ ಕೆರೆದಿದ್ದೀರಿ. ಮುಂದಿನ ಸಲ ಅಲ್ಲಿ ಒಂದೇ ಸುತ್ತು ಸಾಕು. ವಾಸನೆಯ ಸ್ಪಿರಿಟ್ ಲೋಷನ್ ಈ ಸಮಯದಲ್ಲಿ ಬೇಡ.

ಗುಳ್ಳೆಯಲ್ಲಿ ಕೀವು ಕಂಡರೆ ಮಾತ್ರ ಚರ್ಮದ ಡಾಕ್ಟರಿಗೆ ತೋರಿಸಿ. ಅಂಥ ಮುಖಕ್ಕೆ ನಾನು ಕತ್ತಿ ಹಾಕುವುದಿಲ್ಲ, ಗುಳ್ಳೆ ಪೂರ್ತಿ ಇಳಿದ ಮೇಲೆ ಬಾ ಅಂತ ಹೇಳಿ ಕಳಿಸುತ್ತೇನೆ.