ಕುದುರೆಮುಖದ ಕಪ್ಪು ಅದಿರು, ಕೈಗಾದ ಕೊಳವೆ

ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು, ಕಳಸ, ಸಂಸೆ ದಾಟಿ ಕುದುರೆಮುಖಕ್ಕೆ ಸುಮಾರು ನೂರು ಕಿ.ಮೀ. ತಿರುವುಗಳೇ ಹೆಚ್ಚು, ಮೂರು ತಾಸು ಬೇಕೇ ಬೇಕು. ಪೆಟ್ರೋಲ್ ಕಳಸದಲ್ಲೇ ತುಂಬಿಸಿಕೊಳ್ಳಿ. ರಾಷ್ಟ್ರೀಯ ಉದ್ಯಾನದೊಳಗೆ ಕಂಡಕಂಡಲ್ಲಿ ಗಾಡಿ ನಿಲ್ಲಿಸುವಂತಿಲ್ಲ.

2005ರ ಕೊನೆಗೆ ಕಬ್ಬಿಣದ ಗಣಿ ನಿಂತ ಮೇಲೆ ಊರು ಬಹುಪಾಲು ಖಾಲಿ. ಇಲ್ಲಿನ ಅದಿರು ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಆಕ್ಸೈಡ್. ಅದನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಕಳಿಸುತ್ತಿದ್ದರು. ಚರಂಡಿಯ ಕಪ್ಪು ಮರಳಿಗೆ ಅಯಸ್ಕಾಂತ ಹಿಡಿದರೆ ಗಡ್ಡದ ಹಾಗೆ ನೇತುಬೀಳುತ್ತದೆ. (ನೋಡಿ ಅಲ್ಲೇ ಬಿಡಿ, ಉದ್ಯಾನದಿಂದ ಏನನ್ನೂ ಒಯ್ಯಬಾರದು.) ಮಳೆಯಲ್ಲಿ ನೆನೆದ ಗೇಟು, ತಗಡುಗಳಿಗೆ ಹಿಡಿದಿರುವುದು ಮಾತ್ರ ಕೆಂಪು ತುಕ್ಕು. ಆಮ್ಲಜನಕ ತುಂಬಿದ ತಣ್ಣೀರಿನಲ್ಲಿ ಆಗುವ ಆ ತುಕ್ಕು ಪೊಳ್ಳು, ಒಳಗಿನ ಕಬ್ಬಿಣವನ್ನು ಕಾಯುವುದಿಲ್ಲ.

ಕಾರವಾರದ ಬಳಿಯ ಕೈಗಾ ಅಣುಸ್ಥಾವರದಂಥ ಭಾರಜಲ (ಭಾರ ಹೈಡ್ರೋಜನ್ನಿನ ನೀರು) ರಿಯಾಕ್ಟರಿನಲ್ಲಿ ಈ ಕಪ್ಪು ಖನಿಜವನ್ನು ಬೇಕೆಂದೇ ಬೆಳೆಸುತ್ತಾರೆ. ಕೆಂಪು ತುಕ್ಕಿನ ಹಾಗಲ್ಲ, ಇದು ಬಿಗಿಯಾಗಿ ಕೂತು ಒಳಗಿನ ಉಕ್ಕನ್ನು ಕಾಯುತ್ತದೆ. ಕಾರ್ಬನ್ ಉಕ್ಕಿನ ಕೊಳವೆಗಳಲ್ಲಿ ಇನ್ನೂರು ಡಿಗ್ರಿ ಮೀರಿದ ನೀರನ್ನು ದಿನಗಟ್ಟಲೆ ಓಡಿಸಿ ಒಳಮೈಗೆ ಮ್ಯಾಗ್ನೆಟೈಟಿನ ತೆಳುಪದರ ಕಟ್ಟಿಸುವುದಕ್ಕೆ ಹಾಟ್ ಕಂಡಿಷನಿಂಗ್ ಎನ್ನುತ್ತಾರೆ. ಲಿಥಿಯಂ ಹೈಡ್ರಾಕ್ಸೈಡ್ ಬೆರೆಸಿ ನೀರಿನ ಕ್ಷಾರತೆ ತೋರಿಸುವ ಪಿಎಚ್ ಅನ್ನು 10ರ ಮೇಲಿಡುತ್ತಾರೆ, ಆಮ್ಲಜನಕವನ್ನು 10 ಪಿಪಿಬಿಗಿಂತ (ನೂರು ಕೋಟಿ ಪಾಲಿನಲ್ಲಿ ಹತ್ತು ಪಾಲು) ಕೆಳಗೆ. ವಿಕಿರಣಕ್ಕೆ ನೀರು ಒಡೆದು ಮತ್ತೆ ಆಮ್ಲಜನಕ ಹುಟ್ಟದಂತೆ ಒಂದಿಷ್ಟು ಹೈಡ್ರೋಜನ್ ಕರಗಿಸುತ್ತಾರೆ.

ಎಲ್ಲಕ್ಕೂ ಮಿತಿಯಿದೆ. ಲಿಥಿಯಂ ಹೆಚ್ಚಾಗಿ ಸಂದುಗಳಲ್ಲಿ ಸಾಂದ್ರವಾದರೆ ಇಂಧನದ ಕವಚಕ್ಕೆ ಬಳಸುವ ಜಿರ್ಕೋನಿಯಂ ಲೋಹ ಸವೆಯುತ್ತದೆ. ಹೈಡ್ರೋಜನ್ ಹೆಚ್ಚಾದರೆ ಅದೇ ಲೋಹಕ್ಕೆ ಹೊಕ್ಕು ಪೆಡಸು ಮಾಡುತ್ತದೆ. ನಿಜವಾದ ತಲೆನೋವು ರಿಯಾಕ್ಟರಿನಿಂದ ಬಿಸಿ ನೀರು ಹೊರಬರುವ ಫೀಡರ್ ಕೊಳವೆಯ ಬಾಗುಗಳು. ರಿಯಾಕ್ಟರಿನ ಗರ್ಭದಲ್ಲಿ ನೀರಿನ ಬಿಸಿ ಏರಿದಂತೆ ಕಬ್ಬಿಣವನ್ನು ಕರಗಿಸಿಕೊಳ್ಳುವ ಶಕ್ತಿಯೂ ಏರಿರುತ್ತದೆ. ಬಾಗಿನಲ್ಲಿ ರಭಸ ಹೆಚ್ಚಿ ಪದರ ಕರಗುತ್ತಲೇ ಹೋಗುತ್ತದೆ, ಗೋಡೆ ತೆಳುವಾಗುತ್ತದೆ. ಉಕ್ಕಿನಲ್ಲಿ ಶೇ. 0.2ರಷ್ಟು ಕ್ರೋಮಿಯಂ ಇದ್ದರೂ ಸವೆತ ಗಣನೀಯವಾಗಿ ತಗ್ಗುತ್ತದೆ. ಇಂಥದೇ ಸವೆತಕ್ಕೆ 2004ರಲ್ಲಿ ಜಪಾನಿನ ಮಿಹಾಮಾದಲ್ಲಿ, ಟರ್ಬೈನ್ ಕಡೆಯ ಕೊಳವೆಯೊಂದು 10 ಮಿ.ಮೀ.ನಿಂದ 1.4 ಮಿ.ಮೀ.ಗೆ ಇಳಿದು ಸಿಡಿದು ಐವರು ಸತ್ತರು. ಆ ಜಾಗದ ದಪ್ಪವನ್ನು ವರ್ಷಾನುಗಟ್ಟಲೆ ಯಾರೂ ಅಳೆದೇ ಇರಲಿಲ್ಲ!

ಕುದುರೆಮುಖದಿಂದ ಘಟ್ಟ ಇಳಿದರೆ ಬಜಗೋಳಿ, ಕಾರ್ಕಳ. ಅಲ್ಲಿಂದ ಉಡುಪಿಗೆ ಹೋಗಿ ಕರಾವಳಿ ಹೆದ್ದಾರಿ ಹಿಡಿದರೆ ಕಾರವಾರ. ಕೈಗಾ ಸ್ಥಾವರದೊಳಗೆ ಅನುಮತಿಯಿಲ್ಲದೆ ಬಿಡುವುದಿಲ್ಲ.