ಮ್ಯಾಪಲ್ಲಿ ನಮ್ಮೂರು ಕೆಂಪಗಿದ್ರೆ ಹಾವು ಜಾಸ್ತಿ ಅಂತಾನಾ?

ಹಾವು ಕಡಿತದ ಹೀಟ್‌ಮ್ಯಾಪ್ (ಎಲ್ಲಿ ಕೇಸು ಹೆಚ್ಚು ಅಂತ ಬಣ್ಣದಲ್ಲಿ ತೋರಿಸೋ ಮ್ಯಾಪ್) ಮಾಡ್ತೀನಿ ಅಂತ ಗೊತ್ತಾದ್ರೆ ಸಾಕು, ಕೋಲಾರದ ಕಡೆ ಯಾರೇ ಸಿಕ್ಕಿದ್ರೂ ಕೇಳೋದು ಇದನ್ನೇ, "ಅಣ್ಣಾ, ನಮ್ಮೂರ ಹತ್ರ ಕೆಂಪಗೆ ತೋರಿಸ್ತಿದೆಯಲ್ಲ, ಅಲ್ಲಿ ಹಾವು ಜಾಸ್ತಿನಾ?" ಹಂಗೆ ಹೇಳೋಕೆ ಬರಲ್ಲ. ಅಲ್ಲಿ ಹಾವು ಕಡಿದ ಕೇಸು ಹೆಚ್ಚು ದಾಖಲಾಗಿದೆ ಅಂತಷ್ಟೇ ಆ ಕೆಂಪು ಹೇಳೋದು. ಅದನ್ನ ಅಪಾಯದ ಮ್ಯಾಪ್ ಮಾಡ್ಬೇಕಂದ್ರೆ ಇನ್ನೂ ಕೆಲಸ ಇದೆ, ತುಂಬ ಜನ ಆ ಕೆಲಸ ಮಾಡದೇನೇ ವಾಟ್ಸಾಪಲ್ಲಿ ಹಾಕ್ಬಿಡ್ತಾರೆ, ನಂಗೆ ನಿಜವಾಗ್ಲೂ ಬೇಜಾರಾಗೋದು ಅದಕ್ಕೇ.

ಮೊದ್ಲು ಆ ಬಣ್ಣ ಎಲ್ಲಿಂದ ಬರುತ್ತೆ ಅಂತ ನೋಡಿ. ಹಾವು ಕಡಿದ ಪ್ರತಿ ಜಾಗದ ಮೇಲೂ ಒಂದೊಂದು ಸೇರು ರಾಗಿ ಸುರಿದಂಗೆ ಅನ್ಕೊಳಿ, ಮಧ್ಯದಲ್ಲಿ ಎತ್ತರ, ಸುತ್ತ ಹೋಗ್ತಾ ಹೋಗ್ತಾ ತೆಳು, ಪಕ್ಕಪಕ್ಕದ ಗುಡ್ಡೆಗಳು ಒಂದರ ಮೇಲೊಂದು ಬಿದ್ದಲ್ಲಿ ಎತ್ತರ ಜಾಸ್ತಿ ಆಗುತ್ತೆ, ಆ ಎತ್ತರವೇ ಕೆಂಪು. ಇದಕ್ಕೆ ಕರ್ನಲ್ ಡೆನ್ಸಿಟಿ ಅಂತಾರೆ. ಒಂದು ಗುಡ್ಡೆ ಎಷ್ಟು ಅಗಲ ಹರಡ್ಬೇಕು ಅನ್ನೋದು ಬ್ಯಾಂಡ್‌ವಿಡ್ತ್, ಅದನ್ನ ಇಡೋದು ನಾವು. 200 ಮೀಟರ್ ಇಟ್ರೆ ಬರೀ ಚುಕ್ಕಿ ಚುಕ್ಕಿ, 15 ಕಿಲೋಮೀಟರ್ ಇಟ್ರೆ ಶ್ರೀನಿವಾಸಪುರ ತಾಲೂಕೆಲ್ಲ ಒಂದೇ ಕೆಂಪು ಮಚ್ಚೆ. ನಾನು ಸಾಮಾನ್ಯವಾಗಿ 2-3 ಕಿಲೋಮೀಟರಿಂದ ಶುರು ಮಾಡ್ತೀನಿ, ಯಾಕಂದ್ರೆ ನಮ್ಮ ಕಡೆ ಜನ ಮನೆಯಿಂದ ಹೊಲಕ್ಕೆ, ತೋಟಕ್ಕೆ ಓಡಾಡೋದು ಹೆಚ್ಚುಕಮ್ಮಿ ಅಷ್ಟೇ ದೂರ.

ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಲ್ಲಿ ಮಾಡೋರಿಗೆ ಒಂದು ಮಾತು, ಡೇಟಾ ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲೇ ಇದ್ದಾಗ ಬ್ಯಾಂಡ್‌ವಿಡ್ತ್ 2 ಅಂತ ಹಾಕಿದ್ರೆ ಅದು 200 ಕಿಲೋಮೀಟರ್ ದಾಟುತ್ತೆ, ಮೊದ್ಲು ಮೀಟರ್‌ಗೆ ಬದಲಾಯಿಸಿ. 78 ಡಿಗ್ರಿ ರೇಖಾಂಶ ನಮ್ಮ ಜಿಲ್ಲೆ ಒಳಗೇ ಹಾದು ಹೋಗೋದ್ರಿಂದ ಮಾಲೂರು ಯುಟಿಎಂ (ಭೂಮಿನ ಉದ್ದುದ್ದ ಪಟ್ಟಿಗಳಾಗಿ ಹಂಚಿ ಮೀಟರಲ್ಲಿ ಅಳೆಯೋ ಪದ್ಧತಿ) ವಲಯ 43ಕ್ಕೆ, ಕೋಲಾರ ಮುಳಬಾಗಿಲು 44ಕ್ಕೆ ಬರುತ್ತೆ, ಇಡೀ ಜಿಲ್ಲೆಗೆ ಒಂದೇ ವಲಯ ಇಟ್ಕೊಳಿ.

ಈಗ ಅಸಲಿ ವಿಷಯ. ಸುಮ್ನೆ ಲೆಕ್ಕಕ್ಕೆ ಹೇಳ್ತೀನಿ, ಒಂದು ಹೋಬಳಿಯಲ್ಲಿ 40,000 ಜನ, 20 ಕೇಸು. ಇನ್ನೊಂದರಲ್ಲಿ 4,000 ಜನ, 6 ಕೇಸು. ಬರೀ ಡೆನ್ಸಿಟಿ ಮ್ಯಾಪಲ್ಲಿ ಮೊದಲನೇದೇ ಕೆಂಪು, ಆದ್ರೆ ಲಕ್ಷಕ್ಕೆ ಎಷ್ಟು ಅಂತ ನೋಡಿದ್ರೆ ಅಲ್ಲಿ 50, ಎರಡನೇದ್ರಲ್ಲಿ 150. ಮೂರು ಪಟ್ಟು! ಅದಕ್ಕೇ ಕೇಸಿನ ಡೆನ್ಸಿಟಿನ ಜನರ ಡೆನ್ಸಿಟಿಯಿಂದ ಭಾಗಿಸ್ಬೇಕು, ಆಗ್ಲೇ ಅದಕ್ಕೆ ರಿಸ್ಕ್ ಅನ್ನೋ ಹೆಸರು ಸಲ್ಲೋದು. ಅದ್ರಲ್ಲೂ ಯಾವ ಜನ ಅನ್ನೋದು ಮುಖ್ಯ. ರಾತ್ರಿ ತ್ರೀಫೇಸ್ ಕರೆಂಟ್ ಬಂತು ಅಂತ ಟಾರ್ಚ್ ಇಲ್ಲದೆ ಮೋಟರ್ ಹಾಕೋಕೆ ಹೋಗೋರು, ಟೊಮೆಟೊ ಕೀಳೋ ಹೆಣ್ಮಕ್ಕಳು, ರಾಗಿ ಮೆದೆ ಎತ್ತೋರು, ಇವರ ಅಪಾಯವೂ ಟೌನಲ್ಲಿ ಅಂಗಡಿ ಇಟ್ಕೊಂಡಿರೋರ ಅಪಾಯವೂ ಒಂದೇ ಅಲ್ಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿರೋರನ್ನ ಕಚ್ಚುತ್ತೆ, ಕೊಳಕುಮಂಡಲ ಹೊಲದಲ್ಲಿ ಕಾಲಿಗೆ ಸಿಗುತ್ತೆ, ಎರಡನ್ನೂ ಒಂದೇ ಮ್ಯಾಪಿಗೆ ತುಂಬಿದ್ರೆ ಏನೂ ಅರ್ಥ ಆಗಲ್ಲ, ಹಂಗಾಗಿ ಹಗಲಿಂದು ರಾತ್ರಿದು ಬೇರೆ ಬೇರೆ ಮಾಡಿ ಅಂತೀನಿ ನಾನು.

ಬಣ್ಣ ಇಲ್ಲದ ಜಾಗ ನೋಡಿ ಖುಷಿ ಪಡೋರಿಗೆ ಇನ್ನೂ ಗಟ್ಟಿಯಾಗಿ ಹೇಳ್ತೀನಿ. ಕೇಸು ದಾಖಲಾಗೋದು ಆಸ್ಪತ್ರೆಯಲ್ಲಿ, ಕಡಿದ ಜಾಗ ಬರೆಯದೆ ಬರೀ ಆಸ್ಪತ್ರೆ ಹೆಸರು ಇದ್ರೆ ಇಡೀ ಕೆಂಪು ತಾಲೂಕು ಆಸ್ಪತ್ರೆ ಸುತ್ತಾನೇ ಬೀಳುತ್ತೆ. ನಾಟಿ ಔಷಧಿ, ಮಂತ್ರ ಅಂತ ಹೋದೋರು ಲೆಕ್ಕಕ್ಕೇ ಬರಲ್ಲ. ಗಡಿ ಊರುಗಳಿಂದ ಆಂಧ್ರದ ಕುಪ್ಪಂ, ಪಲಮನೇರು ಕಡೆ ಹೋದೋರು ನಮ್ಮ ಪಟ್ಟಿಯಲ್ಲಿ ಇರಲ್ಲ, ಅದಕ್ಕೇ ಗಡಿ ಉದ್ದಕ್ಕೂ ಬಣ್ಣ ತೆಳುವಾಗುತ್ತೆ. 2020ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಅಂದಾಜು ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತೋರು ಸುಮಾರು 12 ಲಕ್ಷ, ಅಂದ್ರೆ ವರ್ಷಕ್ಕೆ ಸರಾಸರಿ ಸುಮಾರು 58,000, ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿದ್ದಕ್ಕೆ ಸಿಕ್ಕ ಲೆಕ್ಕ ಅದು, ಆಸ್ಪತ್ರೆ ರಿಜಿಸ್ಟರಿಂದ ಅಷ್ಟು ಸಿಗ್ತಾನೇ ಇರಲಿಲ್ಲ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತನ ಅಧಿಸೂಚಿತ ಕಾಯಿಲೆ (ಕೇಸು ಬಂದ್ರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ) ಮಾಡಿ ಖಾಸಗಿ ಆಸ್ಪತ್ರೆಗಳೂ ವರದಿ ಕೊಡ್ಬೇಕು ಅಂದಿದ್ದು ಅದಕ್ಕೇ ಅಷ್ಟು ದೊಡ್ಡ ಕೆಲಸ ಅನ್ನೋದು ನಾನು. ವರದಿ ಜಾಸ್ತಿ ಆದ್ಮೇಲೆ ಮ್ಯಾಪ್ ಇನ್ನೂ ಕೆಂಪಾಗುತ್ತೆ, ಹಾವು ಹೆಚ್ಚಾಯ್ತು ಅಂತ ಗಾಬರಿ ಆಗ್ಬೇಡಿ, ಹಾವನ್ನ ಹೊಡೀಬೇಡಿ.

ಹಂಗಾದ್ರೆ ಈ ಮ್ಯಾಪ್ ಯಾಕೆ ಬೇಕು ಅಂದ್ರೆ, ಹಾವಿನ ವಿಷಕ್ಕೆ ಕೊಡೋ ಔಷಧಿ, ಅಂದ್ರೆ ಆಂಟಿವೆನಮ್, ಎಲ್ಲಿ ಇಡ್ಬೇಕು ಅಂತ ತೀರ್ಮಾನ ಮಾಡೋಕೆ. ಜನಸಂಖ್ಯೆಯಿಂದ ಭಾಗಿಸಿದ್ಮೇಲೂ, ಬ್ಯಾಂಡ್‌ವಿಡ್ತ್ ನಾಲ್ಕೈದು ಥರ ಬದಲಾಯಿಸಿದ್ಮೇಲೂ ಕೆಂಪಾಗೇ ಉಳಿಯೋ ಜಾಗಗಳನ್ನ ಮೊದ್ಲು ಗುರುತು ಮಾಡಿ, ಅದರ ಮೇಲೆ ಆಂಟಿವೆನಮ್ ಇರೋ ಆಸ್ಪತ್ರೆಗೆ ರಾತ್ರಿ ಹೊತ್ತು ತಲುಪೋಕೆ ಎಷ್ಟು ನಿಮಿಷ ಅನ್ನೋ ಲೇಯರ್ ಹಾಕಿ. ಎರಡರಲ್ಲೂ ಸಿಕ್ಕಿಬೀಳೋ ಊರುಗಳ ಹತ್ರದ ಪಿಎಚ್‌ಸಿಗೇ ಮಳೆಗಾಲ ಶುರು ಆಗೋ ಮುಂಚೆ ಮೊದಲ ಸ್ಟಾಕ್ ಹೋಗ್ಬೇಕು, ಅದನ್ನ ಕೊಡೋಕೆ ಗೊತ್ತಿರೋ ಡಾಕ್ಟ್ರು ರಾತ್ರಿನೂ ಅಲ್ಲಿ ಇರ್ಬೇಕು.