ಮುಟ್ಟದೆ ತೆಗೆದ 300 ಫೋಟೋ

ಭಾನುವಾರ ಕಾರವಾರದಿಂದ ಬೇಗ ಹೊರಟು ಗೋವಾದ ಉಸ್ಗಳಿಮಳಕ್ಕೆ ಹೋಗಿದ್ದೆವು. ಕುಶಾವತಿ ಹೊಳೆಯ ದಂಡೆ. ಚಿರೆಕಲ್ಲಿನ ಹಾಸಿನ ಮೇಲೆ ಇತಿಹಾಸಪೂರ್ವ ಕಾಲದ ಕೆತ್ತನೆಗಳು: ಗೂಳಿ, ಜಿಂಕೆ, ಸುತ್ತು ಸುತ್ತಾಗಿ ಕೊರೆದ ಚಕ್ರವ್ಯೂಹ. ಕೊಂಕಣದ ಇಂಥ 9 ತಾಣಗಳು 2022ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿವೆ, ಇದೂ ಅದರಲ್ಲಿದೆ. ನೆತ್ತಿ ಮೇಲೆ ಬಿಸಿಲಿದ್ದರೆ ಸರಿಯಾಗಿ ಕಾಣಿಸುವುದಿಲ್ಲ. ಬಿಸಿಲು ಓರೆಯಾಗಬೇಕು, ಆಗ ಗೆರೆಗಳು ಎದ್ದು ನಿಲ್ಲುತ್ತವೆ.

ಮಸುಕಾದ ಗೆರೆಗೆ ಸೀಮೆಸುಣ್ಣ ತೀಡಲು ಹೊರಟವನು ನಾನೇ. ಅಕ್ಕನ ಮಗ ಬೈದ. "ಮಾವ, ಕೈ ಹಚ್ಚಬೇಡ!" ಪಕ್ಕದಲ್ಲಿ ಅಳತೆಗೊಂದು ಸ್ಕೇಲ್ ಇಟ್ಟು, ಸುತ್ತಲೂ ಓಡಾಡಿ, ಒಂದರ ಅಂಚು ಇನ್ನೊಂದರಲ್ಲೂ ಬರುವಂತೆ ಮೊಬೈಲಿನಲ್ಲಿ 300 ಫೋಟೋ ತೆಗೆದ. ರಾತ್ರಿ ಕಂಪ್ಯೂಟರ್ ಅದನ್ನೆಲ್ಲ ಹೊಲಿದು ತ್ರೀಡಿ ಮಾದರಿ ಮಾಡಿತು. ಫೋಟೋಗ್ರಾಮೆಟ್ರಿ ಅಂತೆ. ಬೇಕಾದ ಕಡೆಯಿಂದ ಬೆಳಕು ಬಿಟ್ಟು ನೋಡಬಹುದು. ಬಂಡೆಯಲ್ಲಿ ಕಾಣದ ಗೆರೆ ಪರದೆ ಮೇಲೆ ಕಂಡಿತು. ನನಗೆ ಸ್ವಲ್ಪ ನಾಚಿಕೆಯೂ ಆಯಿತು, ಬಿಡಿ.

ಸುಮ್ನೆ ನೆನಪಾಯಿತು. ಸಿದ್ದಾಪುರದ ಅಜ್ಜಿ ಮನೆ ಗೋಡೆಯ ಹಸೆ ಚಿತ್ತಾರದ ಮೇಲೆ ಪೇಂಟ್ ಬಳಿಸಿ ಮುಚ್ಚಿಸಿದ್ದು ನಾವೇ ಅಲ್ವಾ? ಹಳೇ ಮದುವೆ ಆಲ್ಬಂನಲ್ಲಿ, ದೊಡ್ಡಪ್ಪನ ತಲೆಯ ಹಿಂದೆ, ಅದರ ಒಂದು ಮೂಲೆ ಮಾತ್ರ ಉಳಿದಿದೆ.